ಕೆಂಪು ಕುರ್ಚಿಯ ಊರಿಗೆ: ಬಕ್ ಓ'ನೀಲ್ ನೆನಪಿನಲ್ಲಿ ನಾಲ್ಕು ದಿನ

ಬಕ್ ಓ'ನೀಲ್ ತೀರಿಕೊಂಡಾಗ ನಾನು ಅವರ ಊರಲ್ಲೇ ಇದ್ದೆ. ಆದರೆ ಅವರು ಯಾರು ಅನ್ನುವುದೇ ನನಗೆ ಗೊತ್ತಿರಲಿಲ್ಲ.

2006ರ ಅಕ್ಟೋಬರ್ 6, ಶುಕ್ರವಾರ. ಆಗ ನಾನು ಕಾನ್ಸಾಸ್ ಸಿಟಿಗೆ ಅಂಟಿಕೊಂಡಿರುವ ಓವರ್‌ಲ್ಯಾಂಡ್ ಪಾರ್ಕ್‌ಗೆ ಟೆಲಿಕಾಂ ಪ್ರಾಜೆಕ್ಟ್ ಒಂದರ ಮೇಲೆ ಬಂದಿದ್ದೆ. ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ನಾಲ್ಕು ಜನ ಬೆಂಗಳೂರಿನ ಹುಡುಗರು. ವಾರಾಂತ್ಯ ಬಂದರೆ ಅಡುಗೆ, ಬಟ್ಟೆ ಒಗೆಯೋದು, ಕ್ರಿಕೆಟ್ಟು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದರೆ, ಬಾಗಿಲಲ್ಲಿ ಬ್ಯಾಡ್ಜ್ ನೋಡಿ ಒಳಗೆ ಬಿಡುವ ಸೆಕ್ಯುರಿಟಿಯವರು ಮೇಜಿನ ಮೇಲೆ ಪೇಪರ್ ಹರಡಿಕೊಂಡು ಸುಮ್ಮನೆ ಕೂತಿದ್ದರು. ಅರವತ್ತು ದಾಟಿದ ಕಪ್ಪು ಹಿರಿಯರು, ದಿನಾ ನಗುತ್ತಾ ಮಾತಾಡಿಸುವವರು. ಅವತ್ತು ಕಣ್ಣು ಕೆಂಪಗಾಗಿತ್ತು. ಪೇಪರಿನಲ್ಲಿ ಒಬ್ಬ ಅಜ್ಜನ ದೊಡ್ಡ ಫೋಟೋ. ಯಾರಿವರು ಅಂತ ಕೇಳಿದೆ. ಅವರು ತಲೆ ಎತ್ತಿ, ಈ ಊರಿಗೆ ಬಂದು ಎಷ್ಟು ದಿನವಾಯಿತು ಅಂದರು. ಹದಿನಾಲ್ಕು ತಿಂಗಳು ಅಂದೆ.

"ಹದಿನಾಲ್ಕು ತಿಂಗಳಿದ್ದೂ ಬಕ್‌ನ ನೋಡ್ಲಿಲ್ವಾ? ಮ್ಯೂಸಿಯಂಗೆ ಹೋಗಿದ್ರೆ ಸಾಕಿತ್ತು. ತಬ್ಬಿಕೊಂಡೇ ಮಾತಾಡಿಸ್ತಿದ್ರು."

ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದುಬಿಟ್ಟಿತು. ಆಮೇಲೆ ಓದುತ್ತಾ ಹೋದೆ. ಬಕ್ ಬೇಸ್‌ಬಾಲ್ ಆಟಗಾರ. ದೇಶದ ದೊಡ್ಡ ಲೀಗ್ ಆದ ಮೇಜರ್ ಲೀಗ್ ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಅವರಿಗಾಗಿಯೇ ಇದ್ದ ನೀಗ್ರೋ ಲೀಗ್‌ನಲ್ಲಿ ಆಡಿದವರು, ಕೊನೆಗಾಲದಲ್ಲಿ ಆ ಲೀಗಿನ ಮ್ಯೂಸಿಯಂನ ಮುಖವಾಗಿದ್ದವರು. ಓದಿದಷ್ಟೂ ಮುಳ್ಳು ಆಳಕ್ಕಿಳಿಯಿತು.

ಈಗ ನಾವಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಹದಿನಾಲ್ಕು ವರ್ಷದ ಮಗಳು ಮೇಘ ಸಾಫ್ಟ್‌ಬಾಲ್ ಆಡುತ್ತಾಳೆ. ಅವಳ ಜಾಗ ಫಸ್ಟ್ ಬೇಸ್. ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಉಳಿದ ಆಟಗಾರರು ನೆಲದ ಚೆಂಡು ಹಿಡಿದು ಎಸೆಯುವುದು ಹೆಚ್ಚಾಗಿ ಫಸ್ಟ್ ಬೇಸ್‌ನವರ ಕೈಗೇ. ಎಸೆತ ಅಡ್ಡಾದಿಡ್ಡಿ ಬಂದರೂ ಮೈ ಚಾಚಿ, ಬಗ್ಗಿ, ಹೇಗಾದರೂ ಹಿಡಿದು, ಎಸೆದವರ ಮರ್ಯಾದೆ ಉಳಿಸಬೇಕು. ಬಕ್ ಕೂಡ ಫಸ್ಟ್ ಬೇಸ್‌ನವರೇ. ಕಳೆದ ಬೇಸಿಗೆ ರಜೆಯಲ್ಲಿ ಅವಳು ಕೇಳಿದಳು, "ಅಪ್ಪ, ನೀನು ಅದೇ ಊರಲ್ಲಿದ್ದೆ ಅಲ್ವಾ? ಬಕ್ ತಾತನ್ನ ನೋಡಿದೀಯಾ?" ಇಲ್ಲ ಅಂದೆ. "ಹಾಗಾದ್ರೆ ಈಗ ಹೋಗೋಣ" ಅಂದಳು.

ಮೊದಲ ದಿನ, ಗುರುವಾರ: ಶಿಕಾಗೋ

ಕಾನ್ಸಾಸ್ ಸಿಟಿಗೆ ಹೊರಡುವ ಮೊದಲು ಒಂದು ದಿನ ಇಲ್ಲಿಗೇ ಇಟ್ಟುಕೊಂಡೆವು. ಬಕ್ ಬದುಕಿನ ಮೂವತ್ತಕ್ಕೂ ಹೆಚ್ಚು ವರ್ಷ ಶಿಕಾಗೋ ಕಬ್ಸ್ ತಂಡಕ್ಕೇ ಹೋಗಿದೆ. ಹೊಸ ಆಟಗಾರರನ್ನು ಹುಡುಕುವ ಸ್ಕೌಟ್ ಆಗಿ ದಕ್ಷಿಣದ ಊರೂರು ಅಲೆದವರು ಅವರು.

ಮೆಟ್ರಾ ರೈಲಿನಲ್ಲಿ ಯೂನಿಯನ್ ಸ್ಟೇಷನ್, ಅಲ್ಲಿಂದ ರೆಡ್ ಲೈನ್ ಹಿಡಿದು ಆಡಿಸನ್‌ನಲ್ಲಿ ಇಳಿದರೆ ಎದುರಿಗೇ ಕಬ್ಸ್‌ನ ಮೈದಾನ ರಿಗ್ಲಿ ಫೀಲ್ಡ್. ಹೊರಗೆ ಸಾಲಾಗಿ ಕಂಚಿನ ಪ್ರತಿಮೆಗಳಿವೆ. ಎರಡರ ಮುಂದೆ ನಾವು ಹೆಚ್ಚು ಹೊತ್ತು ನಿಂತೆವು. ಒಂದು ಎರ್ನಿ ಬ್ಯಾಂಕ್ಸ್ ಅವರದು. 1950ರಲ್ಲಿ ಬಕ್ ಮ್ಯಾನೇಜರ್ ಆಗಿದ್ದ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ಎಂಬ ನೀಗ್ರೋ ಲೀಗ್ ತಂಡಕ್ಕೆ ಬಂದ ಹುಡುಗ, 1953ರಲ್ಲಿ ಕಬ್ಸ್ ಸೇರಿ ಆ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರನಾದ. ಆಟವನ್ನು ಖುಷಿಯಿಂದ ಆಡುವುದನ್ನು ಬಕ್ ಅವರಿಂದ ಕಲಿತೆ ಎಂದು ಬ್ಯಾಂಕ್ಸ್ ಕೊನೆವರೆಗೂ ಹೇಳಿಕೊಂಡರು.

ಇನ್ನೊಂದು ಬಿಲ್ಲಿ ವಿಲಿಯಮ್ಸ್ ಅವರದು. ಇವರ ಕಥೆಯೇ ನನಗೆ ಹೆಚ್ಚು ಇಷ್ಟ. 1959ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಕಬ್ಸ್‌ನ ಕಿರಿಯ ತಂಡಕ್ಕೆ ಆಡುತ್ತಿದ್ದಾಗ, ಜೊತೆಯವರು ಊಟ ಮಾಡುವ ಹೋಟೆಲಿಗೆ ತಾನು ಕಾಲಿಡುವಂತಿಲ್ಲ ಅನ್ನುವ ಅವಮಾನ ತಡೆಯಲಾರದೆ, ಬಿಲ್ಲಿ ಗಂಟುಮೂಟೆ ಕಟ್ಟಿಕೊಂಡು ಅಲಬಾಮಾದ ವಿಸ್ಲರ್ ಎಂಬ ತನ್ನ ಹಳ್ಳಿಗೆ ಹೊರಟುಹೋದ. ಕರೆತರಲು ಕಬ್ಸ್‌ನವರು ಕಳಿಸಿದ್ದು ಬಕ್ ಅವರನ್ನು. ಬಕ್ ಹೋದರು, ಮನೆಯವರ ಜೊತೆ ಕೂತು ಹರಟಿದರು. ವಾಪಸ್ ಬಾ ಅನ್ನುವ ಒತ್ತಾಯ ಮಾಡಲಿಲ್ಲ. ಹುಡುಗನನ್ನು ಊರಿನ ಆಟದ ಮೈದಾನಕ್ಕೆ ಕರೆದುಕೊಂಡು ಹೋದರು ಅಷ್ಟೆ. ಅಲ್ಲಿದ್ದ ಮಕ್ಕಳೆಲ್ಲ ಬಿಲ್ಲಿಯನ್ನು ಕಂಡು ಓಡಿ ಬಂದು ಮುತ್ತಿಕೊಂಡರು. ನೀನು ದೊಡ್ಡ ಆಟಗಾರ ಆಗ್ತಿದೀಯಂತೆ, ಹೇಗಿರುತ್ತೆ ಅಲ್ಲಿ, ಅಂತ ಒಂದೇ ಸಮನೆ ಪ್ರಶ್ನೆ. ಬಿಲ್ಲಿ ವಾಪಸ್ ಹೊರಟ. ಮುಂದೆ 426 ಹೋಮ್ ರನ್ ಹೊಡೆದು 1987ರಲ್ಲಿ ಬೇಸ್‌ಬಾಲ್ ದಿಗ್ಗಜರಿಗೆ ಸಿಗುವ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್ ಸೇರಿದ.

"ಬಯ್ಯಲೇ ಇಲ್ವಾ?" ಅಂತ ಮೇಘ ಕೇಳಿದಳು. ಇಲ್ಲ ಅಂದೆ. ಅವಳ ಕೋಚ್ ಬಯ್ಯುವುದರಲ್ಲಿ ಎತ್ತಿದ ಕೈ, ಅದಕ್ಕೇ ಕೇಳಿರಬೇಕು.

ಇದೇ ರಿಗ್ಲಿಯಲ್ಲಿ 1962ರಲ್ಲಿ ಬಕ್ ಕಬ್ಸ್‌ನ ಕೋಚ್ ಆದರು. ಮೇಜರ್ ಲೀಗ್‌ನಲ್ಲಿ ಆ ಹುದ್ದೆ ಸಿಕ್ಕ ಮೊದಲ ಕಪ್ಪು ಮನುಷ್ಯ ಅವರು. ಆದರೆ ಪಂದ್ಯ ನಡೆಯುವಾಗ ಬೇಸ್ ಪಕ್ಕ ನಿಂತು ಓಟಗಾರರಿಗೆ ಸನ್ನೆ ಮಾಡುವ ಕೆಲಸಕ್ಕೆ ಅವರನ್ನು ಮೈದಾನಕ್ಕೆ ಇಳಿಸಲಿಲ್ಲ. ಅಂಗಿ ಕೊಟ್ಟರು, ಜಾಗ ಕೊಡಲಿಲ್ಲ. ಸ್ಕೌಟ್ ಆಗುವ ಮೊದಲು ಏಳೆಂಟು ವರ್ಷ ಮೊನಾರ್ಕ್ಸ್ ತಂಡವನ್ನು ನಡೆಸಿ, ಹತ್ತಾರು ಹುಡುಗರನ್ನು ದೊಡ್ಡ ಲೀಗಿಗೆ ಕಳಿಸಿಕೊಟ್ಟ ಮನುಷ್ಯನಿಗೆ ಹೀಗೆ. ಸಂಜೆ ರೈಲಿನಲ್ಲಿ ಇದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಎರಡನೇ ದಿನ, ಶುಕ್ರವಾರ: ಮೂವತ್ತಾರರ ರಸ್ತೆ

ಹೆಂಡತಿಗೆ ರಜೆ ಸಿಗಲಿಲ್ಲ. ಬೆಳಿಗ್ಗೆ ಆರಕ್ಕೇ ಚಿತ್ರಾನ್ನ ಕಟ್ಟಿ ಕೊಟ್ಟು ಕಳಿಸಿದಳು. ಸ್ಪ್ರಿಂಗ್‌ಫೀಲ್ಡ್‌ವರೆಗೆ ದೊಡ್ಡ ಹೆದ್ದಾರಿ, ಹ್ಯಾನಿಬಲ್ ಹತ್ತಿರ ಮಿಸಿಸಿಪ್ಪಿ ದಾಟಿದರೆ ಆಮೇಲೆ ಮಿಸೌರಿಯ ಅಡ್ಡಗಲಕ್ಕೂ ಯು.ಎಸ್. 36. ಎರಡೂ ಕಡೆ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಈ ದಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಂಥದ್ದಿಲ್ಲ.

ಮೇಕನ್ ಊರಲ್ಲಿ ಪೆಟ್ರೋಲ್ ಹಾಕಿಸುವಾಗ ಮೇಘ ರೆಸ್ಟ್‌ರೂಮಿಗೆ ಹೋಗಿ ಬಂದಳು. ಅವಳು ಕಾರಿಗೆ ಹತ್ತಿದ ಮೇಲೆ ಬಕ್ ಮತ್ತೆ ಮತ್ತೆ ಹೇಳುತ್ತಿದ್ದ ಕಥೆಯೊಂದನ್ನು ಹೇಳಿದೆ. ಮುಂದೆ 1947ರಲ್ಲಿ ದೊಡ್ಡ ಲೀಗಿನ ಬಾಗಿಲು ತೆರೆಸಿದ ಜಾಕಿ ರಾಬಿನ್ಸನ್, 1945ರಲ್ಲಿ ಒಂದು ಸೀಸನ್ ಮೊನಾರ್ಕ್ಸ್‌ಗೆ ಆಡಿದ. ಒಕ್ಲಹೋಮಾದ ಮಸ್ಕೋಗಿಯಲ್ಲಿ ತಂಡದ ಬಸ್ಸು ವರ್ಷಗಳಿಂದ ನಿಲ್ಲುತ್ತಿದ್ದ ಒಂದು ಪೆಟ್ರೋಲ್ ಬಂಕ್. ಬಸ್ಸಿಗೆ ಎರಡು ಟ್ಯಾಂಕು, ಒಳ್ಳೆ ವ್ಯಾಪಾರ. ಜಾಕಿ ಇಳಿದು ರೆಸ್ಟ್‌ರೂಮಿನ ಕಡೆ ನಡೆದ. ನೀನು ಅಲ್ಲಿಗೆ ಹೋಗುವ ಹಾಗಿಲ್ಲ ಅಂದ ಮಾಲೀಕ. ಹಾಗಾದರೆ ಪೈಪನ್ನು ಟ್ಯಾಂಕಿನಿಂದ ತೆಗಿ ಅಂದ ಜಾಕಿ. ಅಷ್ಟು ಪೆಟ್ರೋಲ್ ಬೇರೆ ಯಾರಿಗೆ ಮಾರುತ್ತಾನೆ ಅವನು? ಹೋಗಿ ಬಾ ಅಂದ. ಅಂದಿನಿಂದ ರೆಸ್ಟ್‌ರೂಮ್ ಕೊಡದ ಕಡೆ ಪೆಟ್ರೋಲ್ ಹಾಕಿಸಬಾರದು ಅಂತ ಮೊನಾರ್ಕ್ಸ್ ತೀರ್ಮಾನಿಸಿತು.

ಈ ಕಥೆಯಲ್ಲಿ ಬಕ್ ಇಲ್ಲ. ಆಗ ಅವರು ನೌಕಾಪಡೆ ಸೇರಿ ಫಿಲಿಪೈನ್ಸ್‌ನ ಸುಬಿಕ್ ಬೇಯಲ್ಲಿದ್ದರು. ಬಕ್ ಹೇಳುತ್ತಿದ್ದ ಕಥೆಗಳನ್ನು ಗಮನಿಸಿದರೆ ಹೆಚ್ಚಿನವು ಹೀಗೆಯೇ, ಜಾಕಿದು, ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್ ಮುಂತಾದ ನೀಗ್ರೋ ಲೀಗ್ ಆಟಗಾರರದು. ಅವರ ಬಾಯಲ್ಲಿ ತಮ್ಮ ಹೆಸರಿಗಿಂತ ಬೇರೆಯವರ ಹೆಸರು ಹೆಚ್ಚು ಬಂದಿದೆ. ಸತ್ತವರ ಹೆಸರು, ಮರೆತುಹೋದವರ ಹೆಸರು. ನನಗೆ ಅವರು ಇಷ್ಟವಾಗುವುದು ಮೊದಲು ಇದಕ್ಕೇ.

ಇಳಿಹೊತ್ತಿಗೆ ಕಾನ್ಸಾಸ್ ಸಿಟಿ ಹತ್ತಿರವಾಯಿತು. ಸ್ವಲ್ಪ ಸುತ್ತಾದರೂ ಪರವಾಗಿಲ್ಲ ಅಂತ ಮಿಸೌರಿ ನದಿಯನ್ನು ಬಕ್ ಓ'ನೀಲ್ ಸೇತುವೆ ಮೇಲೆಯೇ ದಾಟಿದೆವು. 2016ರಲ್ಲಿ ಹಳೆಯ ಬ್ರಾಡ್‌ವೇ ಸೇತುವೆಗೆ ಅವರ ಹೆಸರಿಟ್ಟರು. ಈಗ ಅದರ ಜಾಗಕ್ಕೆ ಹೊಸ ಸೇತುವೆ ಬಂದಿದೆ, ಹೆಸರು ಅದೇ. ಮೇಘ ಕಿಟಕಿ ಇಳಿಸಿ ಬೋರ್ಡಿನ ಫೋಟೋ ತೆಗೆಯಲು ಹೋದಳು, ಬರೀ ಅರ್ಧ ಹೆಸರು ಬಂತು.

ಓವರ್‌ಲ್ಯಾಂಡ್ ಪಾರ್ಕಿನಲ್ಲಿ ಗೆಳೆಯ ಶ್ರೀಧರನ ಮನೆ. ಅಂದಿನ ನಾಲ್ಕು ಜನರಲ್ಲಿ ಇಲ್ಲೇ ಉಳಿದವನು ಅವನೊಬ್ಬ. ಹಾಸನದಿಂದ ಅವನ ಅಮ್ಮ ಬಂದಿದ್ದರು. ಊಟಕ್ಕೆ ಕೂತಾಗ ಶ್ರೀಧರ ನನಗೆ ಗೊತ್ತೇ ಇಲ್ಲದ ಒಂದು ವಿಷಯ ಹೇಳಿದ.

"ನಾನು ಬಕ್ ಆಡಿದ್ದನ್ನ ನೋಡಿದೀನಿ ಕಣೋ."

"ಸುಳ್ಳು ಹೇಳ್ಬೇಡ."

"ಆಣೆಗೂ. 2006ರ ಜುಲೈ. ಆಫೀಸಲ್ಲಿ ಯಾರೋ ಫ್ರೀ ಟಿಕೆಟ್ ಕೊಟ್ರು. ನಿನ್ನೂ ಕರೆದೆ, ನೀನು ಏನೋ ಡಿಪ್ಲಾಯ್‌ಮೆಂಟ್ ಇದೆ ಅಂದೆ."

ಆಗ ಬಕ್‌ಗೆ 94 ವರ್ಷ. ನಾರ್ದರ್ನ್ ಲೀಗ್ ಎಂಬ ಸಣ್ಣ ಲೀಗಿನ ಆಲ್ ಸ್ಟಾರ್ ಪಂದ್ಯ, ಜುಲೈ 18ರಂದು, ನದಿಯಾಚೆಯ ಕಾನ್ಸಾಸ್ ಕಡೆಯ ಮೈದಾನದಲ್ಲಿ. ಮೊದಲ ಇನ್ನಿಂಗ್ಸ್‌ನ ಮೊದಲ ಅರ್ಧದಲ್ಲಿ ಒಂದು ತಂಡಕ್ಕೆ ಬ್ಯಾಟ್ ಹಿಡಿದು ನಿಂತರು. ಎದುರಾಳಿ ಬೇಕೆಂದೇ ದೂರಕ್ಕೆ ಚೆಂಡು ಎಸೆದು, ಅವರಿಗೆ ಫಸ್ಟ್ ಬೇಸ್ ಬಿಟ್ಟುಕೊಟ್ಟ. ಎರಡನೇ ಅರ್ಧದಲ್ಲಿ ಇನ್ನೊಂದು ತಂಡಕ್ಕೂ ಅವರೇ ಮೊದಲ ಬ್ಯಾಟರ್. ಮತ್ತೆ ಹಾಗೇ. ಮೈದಾನದವರೆಲ್ಲ ಎದ್ದು ನಿಂತಿದ್ದರಂತೆ.

"ಬೇಸಿಗೆ ನಡ್ಕೊಂಡು ಹೋಗೋವಾಗ ಬೆನ್ನು ಒಂದು ಚೂರೂ ಬಗ್ಗಿರ್ಲಿಲ್ಲ ಕಣೋ. ಇನ್ನು ಎರಡೂವರೆ ತಿಂಗಳಲ್ಲಿ ಹೋಗ್ಬಿಡ್ತಾರೆ ಅಂತ ಯಾರಾದ್ರೂ ಅನ್ಕೋತಾರಾ?"

ನಾನು ಅನ್ನ ಕಲಸುತ್ತಾ ಕೂತೆ. ಆ ಡಿಪ್ಲಾಯ್‌ಮೆಂಟ್ ಯಾವುದು ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಆ ಪಂದ್ಯ ನಡೆದ ಮೈದಾನದ ತಂಡ 2021ರಿಂದ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ಎಂದು ಹೆಸರು ಬದಲಿಸಿಕೊಂಡಿದೆ.

ಮೂರನೇ ದಿನ, ಶನಿವಾರ: ಹದಿನೆಂಟನೇ ರಸ್ತೆ ಮತ್ತು ವೈನ್

ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಇರುವುದು ಹದಿನೆಂಟನೇ ರಸ್ತೆಗೆ ವೈನ್ ಸ್ಟ್ರೀಟ್ ಸೇರುವಲ್ಲಿ. ಒಂದು ಕಾಲಕ್ಕೆ ಕಪ್ಪು ಜನರ ಅಂಗಡಿ, ಹೋಟೆಲು, ಸಂಗೀತ ಎಲ್ಲ ಇದ್ದ ಬೀದಿ. ಜಾಝ್ ಮ್ಯೂಸಿಯಂ ಕೂಡ ಅದೇ ಕಟ್ಟಡದಲ್ಲಿದೆ. 1990ರಲ್ಲಿ ಸಣ್ಣದೊಂದು ಕೋಣೆಯಲ್ಲಿ ಶುರುವಾದದ್ದು, ಈಗಿನ ಜಾಗಕ್ಕೆ ಬಂದದ್ದು 1997ರಲ್ಲಿ. ಶುರುವಿನಿಂದ ಕೊನೆಯುಸಿರಿನವರೆಗೂ ಬಕ್ ಇದರ ಮುಖವಾಗಿದ್ದರು.

ಒಳಗೆ ಹೋದ ಕೂಡಲೇ ಒಂದು ಪುಟ್ಟ ಮೈದಾನ ಕಾಣುತ್ತದೆ. ಹತ್ತು ಜನ ಆಟಗಾರರು ತಮ್ಮ ತಮ್ಮ ಜಾಗದಲ್ಲಿ, ಆಳೆತ್ತರದ ಕಂಚಿನಲ್ಲಿ. ಸ್ಯಾಚೆಲ್ ಪೇಜ್ ಚೆಂಡು ಎಸೆಯಲು ನಿಂತಿದ್ದಾರೆ, ಜಾಶ್ ಗಿಬ್ಸನ್ ಕ್ಯಾಚರ್, ಕ್ಯೂಬಾದ ಮಾರ್ಟಿನ್ ಡಿಹಿಗೋ ಬ್ಯಾಟ್ ಹಿಡಿದಿದ್ದಾರೆ. ಆದರೆ ಒಳಗೆ ಹೋಗುವಂತಿಲ್ಲ. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆ ಅಡ್ಡ ಇದೆ. ಆ ಕಾಲದ ಕ್ರೀಡಾಂಗಣಗಳಲ್ಲಿ ಕಪ್ಪು ಪ್ರೇಕ್ಷಕರನ್ನು ಇಂಥದೇ ಬಲೆಯ ಹಿಂದೆ ಕೂರಿಸುತ್ತಿದ್ದರು. ಇಡೀ ಮ್ಯೂಸಿಯಂ ಸುತ್ತಿ, ಇವರೆಲ್ಲ ಯಾರು, ಏನು ಅನುಭವಿಸಿದರು ಅನ್ನುವುದನ್ನು ತಿಳಿದುಕೊಂಡ ಮೇಲಷ್ಟೇ ಕೊನೆಯಲ್ಲಿ ಮೈದಾನಕ್ಕೆ ಇಳಿಯುವ ಭಾಗ್ಯ. ಹೀಗೆ ಯೋಚಿಸಿ ಕಟ್ಟಿದವರಿಗೆ ಕೈ ಮುಗಿಯಬೇಕು.

ಬಲೆಯ ಈಚೆ, ನಮ್ಮ ಪಕ್ಕದಲ್ಲೇ, ಮೈದಾನವನ್ನು ನೋಡುತ್ತಾ ಇನ್ನೊಂದು ಕಂಚಿನ ಪ್ರತಿಮೆ ನಿಂತಿದೆ. ಬಕ್.

ಒಳಗಿನ ದಾರಿ 1880ರ ದಶಕದಿಂದ ಶುರುವಾಗುತ್ತದೆ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ದೊಡ್ಡ ಲೀಗಿನಲ್ಲಿ ಆಡಿದ್ದು, ಆಮೇಲೆ ಬಾಗಿಲು ಮುಚ್ಚಿದ್ದು, 1947ರಲ್ಲಿ ಜಾಕಿ ಬರುವವರೆಗೂ ಅದು ತೆರೆಯದಿದ್ದದ್ದು. ಈ ನಡುವೆ 1920ರ ಫೆಬ್ರವರಿ 13ರಂದು, ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ಪಸಿಯೋ ವೈ.ಎಂ.ಸಿ.ಎ. ಕಟ್ಟಡದಲ್ಲಿ, ರೂಬ್ ಫಾಸ್ಟರ್ ತಂಡಗಳ ಮಾಲೀಕರನ್ನು ಕೂಡಿಸಿ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದರು. ಮೊನಾರ್ಕ್ಸ್ 1930ರಲ್ಲೇ ಲಾರಿಗಳ ಮೇಲೆ ದೀಪದ ಕಂಬ ಹೊತ್ತು ಊರೂರಿಗೆ ಹೋಗಿ ರಾತ್ರಿ ಪಂದ್ಯ ಆಡುತ್ತಿತ್ತು. ಮೇಜರ್ ಲೀಗ್‌ನಲ್ಲಿ ಮೊದಲ ರಾತ್ರಿ ಪಂದ್ಯ ನಡೆದದ್ದು 1935ರಲ್ಲಿ.

ಬಕ್ ಹುಟ್ಟಿದ್ದು 1911ರಲ್ಲಿ, ಫ್ಲಾರಿಡಾದ ಕ್ಯಾರಬೆಲ್ ಎಂಬಲ್ಲಿ. ಬೆಳೆದದ್ದು ಸಾರಸೋಟದಲ್ಲಿ. ಹುಡುಗನಿದ್ದಾಗ ಸೆಲರಿ ಸೊಪ್ಪಿನ ಹೊಲದಲ್ಲಿ ಪೆಟ್ಟಿಗೆ ಹೊರುವ ಕೆಲಸ. ಒಂದು ದಿನ ಬಿಸಿಲಲ್ಲಿ ಬೆವರು ಸುರಿಸುತ್ತಾ, ಬದುಕಿನಲ್ಲಿ ಇದಕ್ಕಿಂತ ಒಳ್ಳೆಯದು ಏನಾದರೂ ಇರಲೇಬೇಕು ಅಂತ ಗೊಣಗಿಕೊಂಡರಂತೆ. ಅಪ್ಪನ ಕಿವಿಗೆ ಬಿತ್ತು. ಇದೆ, ಆದರೆ ನೀನೇ ಹುಡುಕಿಕೊಂಡು ಹೋಗಬೇಕು ಅಂದರಂತೆ ಅಪ್ಪ. ಸಾರಸೋಟ ಹೈಸ್ಕೂಲಿಗೆ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಜ್ಯಾಕ್ಸನ್‌ವಿಲ್‌ನ ಎಡ್ವರ್ಡ್ ವಾಟರ್ಸ್ ಕಾಲೇಜಿಗೆ ಹೋಗಿ ಹೈಸ್ಕೂಲು ಮುಗಿಸಿದರು. ಅದೇ ಸಾರಸೋಟ ಹೈಸ್ಕೂಲು 1995ರಲ್ಲಿ ಕರೆದು ಡಿಪ್ಲೊಮಾ ಕೊಟ್ಟಿತು. ಆಗ ಬಕ್‌ಗೆ 83. ಹೋಗಿ, ಖುಷಿಯಿಂದಲೇ ತೆಗೆದುಕೊಂಡರು.

ಒಂದು ಮೂಲೆಯಲ್ಲಿ ವಿಡಿಯೋ ಓಡುತ್ತಿತ್ತು. ಬಕ್ ಮಾತಾಡುತ್ತಿದ್ದರು. ಗಂಟಲಿನ ಆಳದಿಂದ ಬರುವ ದನಿ, ಒಂದೊಂದು ಹೆಸರನ್ನೂ ಬಾಯಲ್ಲಿ ಇಟ್ಟುಕೊಂಡು ಸವಿದು ಬಿಡುವ ಹಾಗೆ. ಮೇಘ ನೆಲದ ಮೇಲೇ ಕೂತುಬಿಟ್ಟಳು. ನಾನು ಅವರ ಕೈ ನೋಡುತ್ತಾ ನಿಂತೆ. ಉದ್ದನೆಯ ಬೆರಳು, ದಪ್ಪ ಗೆಣ್ಣು. ಕಥೆ ಹೇಳುವಾಗ ಆ ಕೈ ಚೆಂಡು ಹಿಡಿಯುತ್ತಿತ್ತು, ಬ್ಯಾಟು ಬೀಸುತ್ತಿತ್ತು, ಒಮ್ಮೆ ಎದೆ ಮುಟ್ಟಿಕೊಂಡಿತು. ಆ ಸೆಕ್ಯುರಿಟಿಯವರು ಹೇಳಿದ ತಬ್ಬುವ ಕೈ ಇದೇ.

2006ರ ಫೆಬ್ರವರಿ 27ರ ದಿನ ಬಕ್ ಇದೇ ಮ್ಯೂಸಿಯಂನಲ್ಲಿದ್ದರು. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ ನೀಗ್ರೋ ಲೀಗ್ ಕಾಲದವರನ್ನು ಆರಿಸಲು ವಿಶೇಷ ಸಮಿತಿ ಕೂತಿತ್ತು. ಪಟ್ಟಿಯಲ್ಲಿ ಬದುಕಿದ್ದವರು ಇಬ್ಬರೇ, ಬಕ್ ಮತ್ತು ಮಿನ್ನಿ ಮಿನ್ಯೋಸೋ. ಊರಿನವರೆಲ್ಲ ಸೇರಿ ಕಾಯುತ್ತಿದ್ದರು. ಸಮಿತಿ 17 ಜನರನ್ನು ಆರಿಸಿತು. ಎಲ್ಲರೂ ತೀರಿಕೊಂಡವರು. ಬಕ್ ಹೆಸರಿಲ್ಲ. ಈಗ ಮ್ಯೂಸಿಯಂನ ಅಧ್ಯಕ್ಷರಾಗಿರುವ ಬಾಬ್ ಕೆಂಡ್ರಿಕ್ ಅವರೇ ಬಂದು ಆ ಸುದ್ದಿ ಹೇಳಬೇಕಾಯಿತು. ಬಕ್ ಕೇಳಿದ್ದು, ಎಷ್ಟು ಜನ ಸೇರಿದರು ಅಂತ. ಹದಿನೇಳು ಅಂದಾಗ, ತುಂಬ ಒಳ್ಳೆಯದಾಯಿತು ಅಂದರು. ಹೊರಗೆ ಬಂದು ಕಾಯುತ್ತಿದ್ದವರಿಗೆ, ನನಗಾಗಿ ಅಳಬೇಡಿ, ಈ ಮುದುಕ ಬಕ್‌ನನ್ನು ಪ್ರೀತಿಸುತ್ತಿರಿ, ಅಷ್ಟು ಸಾಕು ಅಂದರು.

ಆ ಜುಲೈ 30ರಂದು ಕೂಪರ್ಸ್‌ಟೌನ್‌ಗೆ ಹೋಗಿ, ತಮ್ಮನ್ನು ಬಿಟ್ಟ ಸಭೆಯ ವೇದಿಕೆಯಲ್ಲೇ ನಿಂತು, ಆ 17 ಜನರ ಪರವಾಗಿ ಮಾತಾಡಿದವರು ಬಕ್. ಅಮ್ಮನನ್ನೂ ಹೆಂಡತಿಯನ್ನೂ ಕೊಂಡೊಯ್ದ ಕ್ಯಾನ್ಸರನ್ನು ದ್ವೇಷಿಸುತ್ತೇನೆ, ಮನುಷ್ಯರನ್ನು ದ್ವೇಷಿಸಲಾರೆ, ದೇವರು ಕುರೂಪವಾದದ್ದನ್ನು ಮಾಡಿಯೇ ಇಲ್ಲ ಅಂದರು. ಕೊನೆಗೆ ಎಲ್ಲರಿಗೂ ಪಕ್ಕದವರ ಕೈ ಹಿಡಿಯಲು ಹೇಳಿ ಪ್ರೀತಿಯ ಹಾಡೊಂದರ ಸಾಲು ಹಾಡಿಸಿದರು. ಹಿಂದೆ ಕೂತಿದ್ದ ಘಟಾನುಘಟಿಗಳೂ ಕೈ ಕೈ ಹಿಡಿದು ಹಾಡಿದರು. ಹತ್ತು ವಾರ ಕಳೆಯುವುದರೊಳಗೆ ಬಕ್ ಇರಲಿಲ್ಲ.

ಹಾಲ್ ಆಫ್ ಫೇಮ್ ಅವರನ್ನು ಆರಿಸಿದ್ದು 2021ರ ಡಿಸೆಂಬರ್‌ನಲ್ಲಿ. 2022ರ ಜುಲೈ 24ರಂದು ಅವರ ಪರವಾಗಿ ಮಾತಾಡಿದ್ದು ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗಳು. ಬಕ್‌ಗೆ ಸಿಟ್ಟಿರಲಿಲ್ಲ ಅನ್ನುತ್ತಾರೆ, ನಂಬುತ್ತೇನೆ. ನನಗೆ ಮಾತ್ರ ಸಿಟ್ಟು ಇಳಿದಿಲ್ಲ. ಹದಿನಾರು ವರ್ಷ ತಡವಾಗಿ ಬಂದ ಮರ್ಯಾದೆಯನ್ನು ಆ ಕೈಗಳು ಮುಟ್ಟಲೇ ಇಲ್ಲ.

ಕೊನೆಯಲ್ಲಿ ಮೈದಾನಕ್ಕೆ ಇಳಿದೆವು. ಮೇಘ ತನ್ನ ಮಿಟ್ ತಂದಿದ್ದಳು. ಫಸ್ಟ್ ಬೇಸ್‌ನವರ ಮಿಟ್ ಉಳಿದವರ ಗ್ಲೋವ್‌ನಂತಲ್ಲ. ಬೆರಳು ಬಿಡಿಬಿಡಿಯಾಗಿರುವುದಿಲ್ಲ, ಉದ್ದಕ್ಕೆ ಸಣ್ಣ ಮೊರದ ಹಾಗಿರುತ್ತದೆ. ಅವಳದರ ನಡುವಿನ ಚರ್ಮ ಚೆಂಡು ಬಿದ್ದೂ ಬಿದ್ದೂ ಕಪ್ಪಗಾಗಿ, ಎಣ್ಣೆ ಸವರಿದ ದೋಸೆ ಕಾವಲಿಯಂತೆ ಮಿರುಗುತ್ತದೆ. ಫಸ್ಟ್ ಬೇಸ್‌ನಲ್ಲಿ ನಿಂತಿದ್ದ ಬಕ್ ಲೆನರ್ಡ್ ಪ್ರತಿಮೆಯ ಪಕ್ಕ ಅದನ್ನು ಹಾಕಿಕೊಂಡು ನಿಂತಳು. ಆಮೇಲೆ ಬಲೆಯ ಆಚೆ ನಿಂತಿದ್ದ ನಮ್ಮ ಬಕ್ ಕಡೆ ತಿರುಗಿದಳು.

"ಬಕ್ ತಾತನೂ ಫಸ್ಟ್ ಬೇಸ್ ತಾನೇ? ಅವರ್ಯಾಕೆ ಆಚೆ ಇದ್ದಾರೆ?"

ಒಳಗಿರುವ ಹತ್ತು ಜನ ನೀಗ್ರೋ ಲೀಗ್‌ನಿಂದ ಮೊದಲು ಹಾಲ್ ಆಫ್ ಫೇಮ್ ಸೇರಿದವರು, ಆಗ ಬಕ್ ಸೇರಿರಲಿಲ್ಲ ಅಂದೆ.

"ಈಗ ಸೇರಿದ್ದಾರಲ್ಲ. ಒಳಗೆ ಕರ್ಕೋಬೋದಲ್ವಾ?"

ಅಲ್ಲಿ ನಿಂತರೆ ಎಲ್ಲರೂ ಕಾಣುತ್ತಾರೆ ನೋಡು, ಮ್ಯಾನೇಜರ್ ಅಲ್ವಾ ಅಂದೆ. ಅವಳು ಹೋಗಿ ಪ್ರತಿಮೆಯ ಪಕ್ಕ ನಿಂತು ಅಲ್ಲಿಂದ ಮೈದಾನ ನೋಡಿ ಬಂದಳು. "ಎಲ್ಲರೂ ಕಾಣ್ತಾರೆ" ಅಂದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಊಟಕ್ಕೆ ಅಲ್ಲೇ ಹತ್ತಿರ. ಆಮೇಲೆ ವೈ.ಎಂ.ಸಿ.ಎ. ಕಟ್ಟಡವನ್ನು ಹೊರಗಿನಿಂದ ನೋಡಿದೆವು. ಬಕ್ ಹೆಸರಿನ ಅಧ್ಯಯನ ಕೇಂದ್ರಕ್ಕಾಗಿ ಅದನ್ನು ಸರಿಪಡಿಸುತ್ತಿದ್ದಾಗ, 2018ರಲ್ಲಿ ಯಾರೋ ಒಳನುಗ್ಗಿ ನೀರಿನ ಪೈಪ್ ಕತ್ತರಿಸಿ ಹಾಕಿ, ಕಟ್ಟಡದೊಳಗೆಲ್ಲ ನೀರು ನುಗ್ಗಿತ್ತು.

ಸಂಜೆ ಕಾಫ್‌ಮನ್ ಸ್ಟೇಡಿಯಂ, ಈ ಊರಿನ ಮೇಜರ್ ಲೀಗ್ ತಂಡ ರಾಯಲ್ಸ್ ಪಂದ್ಯ. ಶ್ರೀಧರನೂ ಬಂದ. ಇಲ್ಲಿನ ಕುರ್ಚಿಗಳೆಲ್ಲ ನೀಲಿ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ ಒಂದೇ ಒಂದು ಕೆಂಪು. ರಾಯಲ್ಸ್ ಸ್ಕೌಟ್ ಆಗಿ ಬಕ್ ಕೂತು ಪಂದ್ಯ ನೋಡುತ್ತಿದ್ದದ್ದು ಅಲ್ಲೇ. 2007ರಿಂದ ಅದನ್ನು ಅವರ ನೆನಪಿಗೆ ಕಾದಿರಿಸಿ, ಊರಿಗೆ ಒಳ್ಳೆಯದು ಮಾಡಿದ ಯಾರನ್ನಾದರೂ ಕರೆದು ಕೂರಿಸುತ್ತಾ ಬಂದಿದ್ದಾರೆ. ಅವತ್ತು ಬಿಳಿ ಟೋಪಿಯ ಒಬ್ಬ ಹೆಂಗಸು ಕೂತಿದ್ದರು. ನಮ್ಮ ಜಾಗ ಮೇಲೆ, ದೂರ. ಮೇಘ ದುರ್ಬೀನಿನಲ್ಲಿ ಆಟಕ್ಕಿಂತ ಹೆಚ್ಚು ಅವರನ್ನೇ ನೋಡಿದಳು. "ಎರಡು ಕೈನೂ ಕುರ್ಚಿ ಮೇಲೇ ಇಟ್ಕೊಂಡಿದ್ದಾರೆ, ಎತ್ತುತ್ತಾನೇ ಇಲ್ಲ" ಅಂದಳು.

ಇಲ್ಲೇ 1986ರಲ್ಲಿ ಬಕ್ ಒಂದು ಶಬ್ದ ಕೇಳಿದ್ದು. ಬದುಕಿನಲ್ಲಿ ಮೂರೇ ಸಲ ಕೇಳಿದ ಶಬ್ದ ಅನ್ನುತ್ತಿದ್ದರು. ಹುಡುಗನಿದ್ದಾಗ ಫ್ಲಾರಿಡಾದಲ್ಲಿ ಬೇಲಿಯಾಚೆಯಿಂದ ಕೇಳಿದ್ದು ಹೋಮ್ ರನ್‌ಗಳಿಗೆ ಹೆಸರಾದ ಬೇಬ್ ರೂತ್ ಬ್ಯಾಟಿಗೆ ಚೆಂಡು ತಾಗಿದ ಸದ್ದು. ಆಟಗಾರನಾದ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿದ್ದಾಗ ಅದೇ ಸದ್ದು ಕೇಳಿ, ಬಟ್ಟೆಯನ್ನೂ ಪೂರ್ತಿ ಹಾಕಿಕೊಳ್ಳದೆ ಓಡಿ ಹೋಗಿ ನೋಡಿದರೆ ಜಾಶ್ ಗಿಬ್ಸನ್. ಸುಮಾರು ಐವತ್ತು ವರ್ಷದ ಮೇಲೆ ಇಲ್ಲಿ ರಾಯಲ್ಸ್‌ನ ಬೋ ಜ್ಯಾಕ್ಸನ್. ಇನ್ನೊಮ್ಮೆ ಕೇಳಿಸಬಹುದು ಅಂತಲೇ ಮೈದಾನಕ್ಕೆ ಬರುತ್ತಿರುತ್ತೇನೆ ಅನ್ನುತ್ತಿದ್ದರು. ನಾವೂ ಪಂದ್ಯ ಮುಗಿಯುವವರೆಗೆ ಕಿವಿಗೊಟ್ಟು ಕೂತೆವು.

ನಾಲ್ಕನೇ ದಿನ, ಭಾನುವಾರ: ಫಾರೆಸ್ಟ್ ಹಿಲ್

ಹೊರಡುವ ಹೊತ್ತಿಗೆ ಶ್ರೀಧರನ ಅಮ್ಮ ಹಿತ್ತಿಲಿನಿಂದ ಬಂದರು. ಕೈಯಲ್ಲಿ ಮೂರು ಕೆಂಪು ದಾಸವಾಳ. ಚಳಿಗಾಲದಲ್ಲಿ ಮನೆಯೊಳಗೆ, ಬೇಸಿಗೆಯಲ್ಲಿ ಹೊರಗೆ ಇಟ್ಟು ಸೊಸೆ ಸಾಕಿಕೊಂಡಿರುವ ಕುಂಡದ ಗಿಡದವು.

"ಹಿರಿಯರನ್ನ ನೋಡೋಕೆ ಬರಿಗೈಲಿ ಹೋಗ್ಬಾರ್ದು ಕಣಪ್ಪ. ಅವರಿಗೆ ಮಕ್ಕಳು ಮರಿ?"

"ಇಲ್ಲ ಅಮ್ಮ. ಹೆಂಡತಿ ಓರಾ ಮುಂಚೇನೇ ಹೋಗ್ಬಿಟ್ರು, 1997ರಲ್ಲಿ."

"ಅಯ್ಯೋ" ಅಂದು ಹೂವನ್ನು ಒದ್ದೆ ಟಿಶ್ಯೂನಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮೇಘಳ ಕೈಗೆ ಕೊಟ್ಟರು.

ಟ್ರೂಸ್ಟ್ ಅವೆನ್ಯೂ ಮೇಲಿರುವ ಫಾರೆಸ್ಟ್ ಹಿಲ್ ಕ್ಯಾಲ್ವರಿ ಸ್ಮಶಾನ ತುಂಬ ದೊಡ್ಡದು, ಹಳೆಯ ಮರಗಳು, ಏರಿಳಿತದ ಹುಲ್ಲು. ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಸಿಕ್ಕಾಗ ಇಬ್ಬರೂ ಮಾತಾಡಲಿಲ್ಲ. ಮೇಘ ಕೂತು, ಕಲ್ಲಿನ ಮೇಲೆ ಬಿದ್ದಿದ್ದ ಕತ್ತರಿಸಿದ ಹುಲ್ಲಿನ ಚೂರುಗಳನ್ನು ಅಂಗೈಯಿಂದ ಸರಿಸಿದಳು. ಡಬ್ಬಿ ತೆರೆದಳು. ದಾಸವಾಳ ಬಿಸಿಲಿಗೆ ಆಗಲೇ ಅಂಚಿನಲ್ಲಿ ಮುದುಡಿತ್ತು. ಎರಡು ಇಟ್ಟಳು.

ನಾನು ಚಪ್ಪಲಿ ಬಿಟ್ಟು ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡಿದೆ. ಹತ್ತೊಂಬತ್ತು ವರ್ಷದ ಹಿಂದೆ ಬಂದು ನೋಡಬೇಕಿತ್ತು, ತಪ್ಪಾಯಿತು ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಕನ್ನಡದಲ್ಲೇ ಹೇಳಿಕೊಂಡೆ.

ಮೂರನೇ ಹೂವನ್ನು ಏನು ಮಾಡೋದು ಅಂತ ಮೇಘ ಕೇಳಿದಳು. ಇದೇ ಸ್ಮಶಾನದಲ್ಲಿ ಸ್ಯಾಚೆಲ್ ಪೇಜ್ ಕೂಡ ಇದ್ದಾರೆ ಅಂದೆ. ಜಗತ್ತು ಕಂಡ ಶ್ರೇಷ್ಠ ಪಿಚರ್‌ಗಳಲ್ಲಿ ಒಬ್ಬರು, 1982ರಲ್ಲಿ ತೀರಿಕೊಂಡವರು, ಬಕ್ ಅವರ ಜೀವದ ಗೆಳೆಯ. ಸ್ಯಾಚೆಲ್ ಅವರಿಗೆ ಪ್ರತ್ಯೇಕ ಜಾಗವೇ ಇದೆ, ಪೇಜ್ ಐಲೆಂಡ್ ಅನ್ನುತ್ತಾರೆ. ಅಲ್ಲಿಗೆ ನಡೆಯುತ್ತಾ ಅವಳಿಗೆ ನ್ಯಾನ್ಸಿ ಕಥೆ ಹೇಳಿದೆ.

ಸ್ಯಾಚೆಲ್ ಬಕ್ ಅವರನ್ನು ಯಾವಾಗಲೂ ನ್ಯಾನ್ಸಿ ಎಂದೇ ಕರೆಯುತ್ತಿದ್ದರು. ತಿರುಗಾಟದಲ್ಲಿ ನ್ಯಾನ್ಸಿ ಎಂಬ ಹುಡುಗಿಯ ಪರಿಚಯವಾಗಿ, ಶಿಕಾಗೋಗೆ ಬಾ ಅಂತ ಸ್ಯಾಚೆಲ್ ಕರೆದಿದ್ದರು. ಅವಳು ಹೋಟೆಲಿಗೆ ಬಂದಳು. ಸ್ವಲ್ಪ ಹೊತ್ತಿಗೆ ಸ್ಯಾಚೆಲ್ ಮದುವೆಯಾಗಬೇಕಿದ್ದ ಲಹೋಮಾ ಕೂಡ ಬಂದಿಳಿದರು. ಬಕ್ ಉಪಾಯ ಮಾಡಿ ನ್ಯಾನ್ಸಿಗೆ ತಮ್ಮ ಕೋಣೆಯ ಪಕ್ಕದಲ್ಲಿ ಬೇರೆ ಕೋಣೆ ಕೊಡಿಸಿದರು. ರಾತ್ರಿ ಸ್ಯಾಚೆಲ್ ಮೆಲ್ಲಗೆ ಬಂದು ಆ ಬಾಗಿಲು ಬಡಿದು "ನ್ಯಾನ್ಸಿ, ನ್ಯಾನ್ಸಿ" ಅಂದರು. ಅಷ್ಟರಲ್ಲಿ ಲಹೋಮಾ ಅವರ ಬಾಗಿಲು ತೆರೆದ ಸದ್ದು. ಅದನ್ನು ಕೇಳಿ ಬಕ್ ತಟ್ಟನೆ ತಮ್ಮ ಬಾಗಿಲು ತೆಗೆದು, "ಏನು ಸ್ಯಾಚೆಲ್?" ಅಂದರು. "ಓ ನ್ಯಾನ್ಸಿ, ಇಲ್ಲಿದೀಯಾ! ನಾಳೆ ಪಂದ್ಯ ಎಷ್ಟು ಹೊತ್ತಿಗೆ?" ಅಂದರು ಸ್ಯಾಚೆಲ್. ಅಂದಿನಿಂದ ಬಕ್‌ಗೆ ಅದೇ ಹೆಸರು ನಿಂತುಹೋಯಿತು.

ಮೇಘ ಸ್ಮಶಾನ ಅನ್ನುವುದನ್ನೂ ಮರೆತು ಜೋರಾಗಿ ನಕ್ಕಳು. ದೂರದಲ್ಲಿ ಯಾರೋ ತಿರುಗಿ ನೋಡಿದರು. ಸ್ಯಾಚೆಲ್ ಅವರ ಕಲ್ಲಿನ ಮೇಲೆ ಅವರ ಬದುಕಿನ ವಿವರವೆಲ್ಲ ಕೆತ್ತಿದ್ದಾರೆ. ಓದಿ ಮುಗಿಸಿ ಅವಳು ಮೂರನೇ ದಾಸವಾಳವನ್ನು ಅಲ್ಲಿಟ್ಟು, ಸಣ್ಣ ದನಿಯಲ್ಲಿ, "ನ್ಯಾನ್ಸಿ ಕಳ್ಸಿದ್ದು" ಅಂದಳು.

ಮಧ್ಯಾಹ್ನ ಕಾನ್ಸಾಸ್ ಸಿಟಿ ಬಿಟ್ಟೆವು. ಹ್ಯಾನಿಬಲ್‌ನಲ್ಲಿ ಕಾಫಿಗೆ ನಿಲ್ಲಿಸಿದಾಗ ಶ್ರೀಧರನ ಫೋನು. ಅಮ್ಮ ಮಾತಾಡಬೇಕಂತೆ ಅಂದು ಕೊಟ್ಟ. ನಾನು ಸ್ಪೀಕರ್ ಹಾಕಿದೆ.

"ಹೂ ಇಟ್ರಾ ಪುಟ್ಟಿ?"

"ಇಟ್ವಿ ಅಜ್ಜಿ. ಎರಡು ಬಕ್ ತಾತಂಗೆ."

"ಇನ್ನೊಂದು?"

"ಅವರ ಫ್ರೆಂಡ್‌ಗೆ. ಅಜ್ಜಿ, ಅವರಿಬ್ಬರ ಒಂದು ಕಥೆ ಇದೆ, ಹೇಳ್ಲಾ?"

"ಹೇಳು ಹೇಳು, ಇಲ್ಲೇ ಕೂತ್ಕೋತೀನಿ."

ಮೇಘ ಫೋನನ್ನು ಮಿಟ್ ಒಳಗೆ ಒರಗಿಸಿಟ್ಟುಕೊಂಡು, ಶಿಕಾಗೋದ ಹೋಟೆಲಿನಿಂದ ಶುರು ಮಾಡಿದಳು.